ಕೌಸಲ್ಯಾ ಟೀಚರ್ ಬರೆದುಕೊಟ್ಟ ಬೋರ್ಡು

ಅಮೆರಿಕದ ಟ್ರಾಯ್ ಎಂಬ ಊರಿನ ಸುತ್ತಮುತ್ತಲಿನ ಕನ್ನಡದವರಿಗೆ ಏನಾದರೂ ಬರೆಸಬೇಕಾದಾಗ ಕೌಸಲ್ಯಾಳ ಮನೆಗೆ ಹೋಗುವುದು ವಾಡಿಕೆಯಾಗಿತ್ತು. ರಾಜ್ಯೋತ್ಸವದ ಬ್ಯಾನರು, ನಾಮಕರಣದ ಕರೆಯೋಲೆ, ಗಣೇಶನ ಮಂಟಪದ ಹಿಂದೆ ಕಟ್ಟುವ ಬಟ್ಟೆ, ಎಲ್ಲದಕ್ಕೂ ಅವಳದೇ ಅಕ್ಷರ. ಕಂಪ್ಯೂಟರಿನಲ್ಲಿ ಬಗೆಬಗೆಯ ಅಕ್ಷರಗಳು ಬಂದ ಮೇಲೂ ಜನ ಅವಳ ಬಳಿಗೇ ಬರುತ್ತಿದ್ದರು. ಅವಳು ಬರೆದರೆ ಒತ್ತಕ್ಷರವೂ ಮೇಲಿನಕ್ಷರದಷ್ಟೇ ದುಂಡಗೆ ಕೂರುತ್ತದೆ ಎಂದು ಹೊಗಳುತ್ತಿದ್ದರು.

ಮೈಸೂರಿನ ಒಂಟಿಕೊಪ್ಪಲಿನ ಸಣ್ಣ ಶಾಲೆಯೊಂದರಲ್ಲಿ ಅವಳು ಮೂರನೇ ಕ್ಲಾಸಿಗೆ ಪಾಠ ಹೇಳುತ್ತಿದ್ದವಳು. ಶೇಷಾದ್ರಿಯನ್ನು ಮದುವೆಯಾಗಿ ಮಿಷಿಗನ್‌ಗೆ ಬಂದಾಗ ಅವಳ ವೀಸಾದಲ್ಲಿ ಕೆಲಸ ಮಾಡುವ ಹಾಗಿರಲಿಲ್ಲ. ಗಂಡ ಪಕ್ಕದ ವಾರೆನ್ ಊರಿನ ಕಾರ್ ಕಂಪನಿಯಲ್ಲಿ ಬ್ರೇಕ್ ವಿಭಾಗದ ಇಂಜಿನಿಯರ್. ಬೆಳಿಗ್ಗೆ ಹೋದರೆ ಸಂಜೆಯೇ ಬರುವುದು. ಮಕ್ಕಳಾಗಲಿಲ್ಲ. ಹಿಮ ಬಿದ್ದ ದಿನಗಳಲ್ಲಿ ಮನೆಯೊಳಗೆ ಮಾತೇ ಇಲ್ಲದೆ ಕೂತು ಬೇಸತ್ತವಳು, ಒಂದು ಭಾನುವಾರ ಪರಿಚಯದವರ ಮಕ್ಕಳನ್ನು ಬೇಸ್‌ಮೆಂಟಿನಲ್ಲಿ ಕೂರಿಸಿಕೊಂಡು ಅ ಆ ಇ ಈ ಶುರು ಮಾಡಿದಳು. ಅದೇ ಬೆಳೆದು ಕನ್ನಡ ಶಾಲೆ ಎನ್ನಿಸಿಕೊಂಡಿತು. ಬೇಸ್‌ಮೆಂಟು ಸಾಲದೆ ಲೈಬ್ರರಿಯ ಒಂದು ಕೋಣೆಗೆ ಹೋಯಿತು. ಊರಿನ ಹೆಂಗಸರನ್ನೆಲ್ಲ ಆಂಟಿ ಎನ್ನುವ ಮಕ್ಕಳು ಅವಳೊಬ್ಬಳನ್ನು ಮಾತ್ರ ಟೀಚರ್ ಎನ್ನುತ್ತಿದ್ದರು. ಆ ಒಂದು ಮಾತಿನಲ್ಲಿ ಅವಳಿಗೆ ಇಲ್ಲಿನ ಬದುಕಿಗೆಲ್ಲ ಒಂದು ಅರ್ಥ ಸಿಕ್ಕಿತ್ತು.

ಆ ಮಕ್ಕಳಲ್ಲಿ ತನಿಷಾ ಒಬ್ಬಳು. ಶಾಲೆಯ ಕಮಿಟಿಯಲ್ಲಿದ್ದ ವಿಜಯ್ ಕುಮಾರರ ಮಗಳು, ಇಲ್ಲೇ ಹುಟ್ಟಿದವಳು. ಕಾಗುಣಿತದವರೆಗೆ ಹೇಗೋ ಬಂದಳು. ಒತ್ತಕ್ಷರ ಶುರುವಾಗುವ ಹೊತ್ತಿಗೆ ಭಾನುವಾರ ಸಾಕರ್ ಪ್ರಾಕ್ಟೀಸ್ ಬಂದು ಕ್ಲಾಸು ಬಿಟ್ಟಳು. ಆದರೂ ಟೀಚರ್ ಮೇಲಿನ ಅಕ್ಕರೆ ಬಿಡಲಿಲ್ಲ. ಹೈಸ್ಕೂಲು ಸೇರಿದ ಮೇಲೂ ಯುಗಾದಿಗೆ ಬರುತ್ತಿದ್ದಳು, ಬರುವಾಗ ಇಮಾನಿ ಎಂಬ ಕಪ್ಪು ಗೆಳತಿಯನ್ನೂ ಕರೆತರುತ್ತಿದ್ದಳು. ಇಮಾನಿ ಮೊದಲು ಟ್ರಾಯ್‌ನಲ್ಲೇ ಇದ್ದವಳು, ಆಮೇಲೆ ಅವಳ ತಾಯಿ ಸೌತ್‌ಫೀಲ್ಡ್‌ನಲ್ಲಿ ಮನೆ ಮಾಡಿದ್ದರು. ಹೋಳಿಗೆಯ ಮೇಲೆ ತುಪ್ಪ ಹಾಕಿಸಿಕೊಂಡು ತಿನ್ನುವುದನ್ನು ಆ ಹುಡುಗಿಗೆ ಕಲಿಸಿದ್ದು ಕೌಸಲ್ಯಾಳೇ.

ಎರಡು ಸಾವಿರದ ಇಪ್ಪತ್ತರ ವಸಂತದಲ್ಲಿ ಕೋವಿಡ್ ಬಂದು ಎಲ್ಲ ನಿಂತಿತು. ಶಾಲೆ, ದೇವಸ್ಥಾನ, ಲೈಬ್ರರಿ ಎಲ್ಲಕ್ಕೂ ಬೀಗ ಬಿತ್ತು. ಶೇಷಾದ್ರಿ ಮನೆಯಿಂದಲೇ ಕೆಲಸ ಮಾಡತೊಡಗಿದ. ಡೆಟ್ರಾಯ್ಟ್‌ನಿಂದ ದಿನವೂ ಸಾವಿನ ಸುದ್ದಿ ಬರುತ್ತಿತ್ತು, ಸಾಯುತ್ತಿದ್ದವರಲ್ಲಿ ಕಪ್ಪು ಜನರೇ ಹೆಚ್ಚು. ಏಪ್ರಿಲ್‌ನಲ್ಲಿ ಇಮಾನಿಯ ಅಜ್ಜಿ ತೀರಿಕೊಂಡರು. ಅಂತ್ಯಸಂಸ್ಕಾರಕ್ಕೆ ಮನೆಯವರೇ ಎಲ್ಲರೂ ಹೋಗುವ ಹಾಗಿರಲಿಲ್ಲ. ತನಿಷಾ ಅದನ್ನು ಫೋನಿನ ಪರದೆಯಲ್ಲಿ ನೋಡಿದಳಂತೆ. ಕೌಸಲ್ಯಾ ಹಳೇ ಕಾಟನ್ ಸೀರೆ ಹರಿದು ಮಾಸ್ಕ್ ಹೊಲಿದು ಆ ಮನೆಗೂ ಒಂದು ಕಟ್ಟು ಕಳಿಸಿದ್ದಳು.

ಮೇ ಕೊನೆಯಲ್ಲಿ ಮಿನಿಯಾಪೊಲಿಸ್‌ನ ಆ ವಿಡಿಯೋ ಬಂತು. ಪೊಲೀಸನ ಮಂಡಿಯ ಕೆಳಗೆ ಸತ್ತ ಕಪ್ಪು ಮನುಷ್ಯನದು. ದೇಶದ ತುಂಬ ಜನ ಬೀದಿಗಿಳಿದರು, ಕೆಲವೆಡೆ ಅಂಗಡಿಗಳಿಗೆ ಬೆಂಕಿಯೂ ಬಿತ್ತು. ಶಿಕಾಗೋದ ಡೆವನ್ ಅವೆನ್ಯೂದಲ್ಲಿ ಸೀರೆ ಅಂಗಡಿ ಇಟ್ಟಿದ್ದ ತಮ್ಮ ದೇವೇಂದ್ರ ಫೋನು ಮಾಡಿದ. ಅವನ ದನಿಯೇ ಬೇರೆಯಾಗಿತ್ತು.

"ಅಕ್ಕ, ಗಾಜಿಗೆಲ್ಲ ಪ್ಲೈವುಡ್ ಹೊಡೆಸ್ಬಿಟ್ಟೆ. ಇಲ್ಲಿ ಏನೂ ಆಗಿಲ್ಲ. ಆದ್ರೆ ಆಗ್ಬಿಟ್ರೆ ಏನ್ಮಾಡೋದು?"

ಏನೂ ಆಗಲಿಲ್ಲ. ಪ್ಲೈವುಡ್ಡನ್ನು ಕೆಲವೇ ದಿನಗಳಲ್ಲಿ ತೆಗೆಸಿದ. ಆದರೆ ಆ ದನಿ ಕೌಸಲ್ಯಾಳ ಕಿವಿಯಲ್ಲಿ ಉಳಿದುಬಿಟ್ಟಿತು.

ಕನ್ನಡ ಶಾಲೆಯ ವಾಟ್ಸಾಪ್ ಗುಂಪಿನಲ್ಲಿ ಜಗಳ ಶುರುವಾದದ್ದು ಅದೇ ವಾರ. ಯಾರೋ ಉರಿಯುವ ಅಂಗಡಿಯ ಚಿತ್ರ ಹಾಕಿದರು. ದೇವಸ್ಥಾನಕ್ಕೆ ಹೋಗಲು ನಮಗೆ ಬಿಡದವರು ಇಷ್ಟು ಜನ ಗುಂಪು ಕಟ್ಟಲು ಹೇಗೆ ಬಿಟ್ಟರು, ರೋಗ ಅವರಿಗೆ ಹತ್ತುವುದಿಲ್ಲವೇ ಎಂದು ಇನ್ನೊಬ್ಬರು ಕೇಳಿದರು. ನಾವು ಓದಿ, ದುಡಿದು ಮೇಲೆ ಬಂದವರು, ನಮಗೆ ಯಾರೂ ಬೀದಿಗಿಳಿದು ಏನೂ ಕೊಡಿಸಿಲ್ಲ ಎಂದು ವಿಜಯ್ ಕುಮಾರ್ ಬರೆದರು. ಹುಬ್ಬಳ್ಳಿ ಕಡೆಯ ಈರೇಶ್ ಎಂಬ ಸಾಫ್ಟ್‌ವೇರ್ ಹುಡುಗ ಅದಕ್ಕೆ ಎದುರಾಡಿದ. ನಮ್ಮಂಥವರಿಗೆ ಈ ದೇಶದ ಬಾಗಿಲು ತೆರೆದದ್ದೇ ಅರವತ್ತರ ದಶಕದಲ್ಲಿ, ಅವರು ಹಕ್ಕಿಗಾಗಿ ಬೀದಿಗಿಳಿದ ಕಾಲದಲ್ಲಿ, ಸ್ವಲ್ಪ ಓದಿಕೊಳ್ಳಿ ಎಂದ. ಅಲ್ಲಿಂದ ಮಾತಿಗೆ ಮಾತು ಬೆಳೆಯಿತು. ಕಪ್ಪು ಜನರ ಜೀವ ಮುಖ್ಯ ಎನ್ನಬೇಕೋ, ಅದಕ್ಕೆ ಎದುರಾಗಿ ಕೂಗುವವರ ಹಾಗೆ ಎಲ್ಲರ ಜೀವವೂ ಮುಖ್ಯ ಎನ್ನಬೇಕೋ ಎಂಬುದರ ಮೇಲೆ, ಇಪ್ಪತ್ತು ವರ್ಷ ಒಟ್ಟಿಗೆ ಉಂಡವರು ಬೈದಾಡಿಕೊಂಡರು. ಇದು ಭಾಷಾ ಶಾಲೆಯ ಗುಂಪು, ಪಾಠದ ವಿಷಯ ಮಾತ್ರ ಇರಲಿ ಎಂದು ಕೌಸಲ್ಯಾ ಬರೆದಳು. ಎರಡೂ ಕಡೆಯವರು ಅದಕ್ಕೆ ಕೈಮುಗಿದ ಚಿಹ್ನೆ ಹಾಕಿ ಜಗಳ ಮುಂದುವರಿಸಿದರು.

ಅಂಥ ಹೊತ್ತಿನಲ್ಲಿ ಒಂದು ಮಧ್ಯಾಹ್ನ ತನಿಷಾ ಬಂದಳು. ಮಾಸ್ಕ್ ಹಾಕಿಕೊಂಡು ಗರಾಜಿನ ಬಾಗಿಲಾಚೆಯೇ ನಿಂತಳು. ಕೈಯಲ್ಲಿ ದೊಡ್ಡ ಬಿಳಿಯ ಬೋರ್ಡು. ಅದರ ಒಂದು ಮುಖದಲ್ಲಿ ಬ್ಲ್ಯಾಕ್ ಲೈವ್ಸ್ ಮ್ಯಾಟರ್ ಎಂದು ಇಂಗ್ಲಿಷಿನಲ್ಲಿ ತಾನೇ ಬರೆದಿದ್ದಳು. ಶನಿವಾರ ಊರಿನಲ್ಲೇ ಮೆರವಣಿಗೆ ಇದೆ, ಇಮಾನಿಯ ಜೊತೆ ಹೋಗುತ್ತೇನೆ, ಇನ್ನೊಂದು ಮುಖದಲ್ಲಿ ಇದನ್ನೇ ಕನ್ನಡದಲ್ಲಿ ಬರೆದುಕೊಡಿ ಎಂದು ಇಂಗ್ಲಿಷಿನಲ್ಲಿ ಕೇಳಿದಳು. ನಮ್ಮ ಭಾಷೆಯೂ ಅಲ್ಲಿರಬೇಕು ಟೀಚರ್, ನಾವೂ ಅವರ ಜೊತೆಗಿದ್ದೇವೆ ಎಂದು ಕಾಣಬೇಕು ಎಂದಳು. ಅಪ್ಪನಿಗೆ ಹೇಳಿಲ್ಲವೆಂದೂ ಹೇಳಿದಳು.

ಆಗುವುದಿಲ್ಲಮ್ಮ ಎನ್ನಬಹುದಿತ್ತು. ಅಪ್ಪನನ್ನು ಕೇಳಿಕೊಂಡು ಬಾ ಎಂದಾದರೂ ಹೇಳಬಹುದಿತ್ತು. ಕನ್ನಡ ಶಾಲೆಯ ಇಷ್ಟು ವರ್ಷದಲ್ಲಿ ಒಂದು ಮಗು ತಾನಾಗಿ ಬಂದು ಕನ್ನಡ ಬೇಕು ಎಂದು ಕೇಳಿದ್ದು ಅದೇ ಮೊದಲು. ಇಲ್ಲವೆನ್ನಲು ಬಾಯಿ ಬರಲಿಲ್ಲ. ಹಾಗೆಂದು ಆ ಮಾತನ್ನು ಬರೆಯಲೂ ಕೈ ಬರಲಿಲ್ಲ. ತನ್ನ ಅಕ್ಷರ ಊರಿಗೆಲ್ಲ ಗೊತ್ತು. ಚಿತ್ರ ನೋಡಿದ ಕೂಡಲೇ ಇದು ಕೌಸಲ್ಯಾ ಮೇಡಂ ಬರೆದದ್ದು ಎನ್ನುತ್ತಾರೆ. ವಿಜಯ್ ಕುಮಾರ್ ಏನೆನ್ನುತ್ತಾರೆ, ಎಷ್ಟು ಮನೆಯವರು ಮಕ್ಕಳನ್ನು ಬಿಡಿಸುತ್ತಾರೆ ಎಂಬುದೇ ತಲೆಯಲ್ಲಿ ಓಡಿತು. ಕರಿಯರು ಎಂದರೆ ಬೈದ ಹಾಗಾಗುತ್ತದೆ, ಕಪ್ಪು ವರ್ಣೀಯರು ಎಂದರೆ ಪೇಪರಿನ ಭಾಷೆ, ಕನ್ನಡದಲ್ಲಿ ಇದನ್ನು ಹೇಳುವುದೇ ಕಷ್ಟ ಎಂದು ತನಗೆ ತಾನೇ ಹೇಳಿಕೊಂಡಳು. ಅದು ನೆಪವೆಂದು ಹೇಳಿಕೊಳ್ಳುವಾಗಲೇ ಗೊತ್ತಿತ್ತು.

ಕುಂಚ ಅದ್ದಿ ಬರೆದಳು: ಪ್ರತಿಯೊಬ್ಬರ ಪ್ರಾಣಕ್ಕೂ ಬೆಲೆಯಿದೆ.

ಎಲ್ಲರ ಎಂದು ಬರೆಯಲಿಲ್ಲ. ಪ್ರತಿ ಭಾನುವಾರ ಕ್ಲಾಸಿನ ಬೋರ್ಡಿನ ಮೇಲೆ ಮೊದಲು ಬರೆಯುತ್ತಿದ್ದದ್ದು "ಎಲ್ಲರಿಗೂ ನಮಸ್ಕಾರ." ಆ ಪದದ ಆಕಾರ ತನಿಷಾಗೆ ಗೊತ್ತು, ಕಂಡರೆ ಓದಿಬಿಡುತ್ತಾಳೆ. ಒತ್ತಕ್ಷರ ತುಂಬಿದ ಪದವಾದರೆ ಓದಲಾರಳು. ಎಲ್ಲಿಯವರೆಗೆ ಕಲಿಸಿದ್ದೆನೆಂದು ಕಲಿಸಿದವಳಿಗೇ ಗೊತ್ತಲ್ಲ.

ಹುಡುಗಿ ಹತ್ತಿರ ಬಾಗಿ ನೋಡಿದಳು. "ಟೀಚರ್, ಇದ್ರಲ್ಲಿ ಬ್ಲ್ಯಾಕ್ ಯಾವುದು?"

ಕೌಸಲ್ಯಾ ಕುಂಚದ ತುದಿಯಿಂದ ಮೊದಲ ಪದವನ್ನು ತೋರಿಸಿದಳು.

ತುಂಬ ಚೆನ್ನಾಗಿದೆ ಎಂದಳು ತನಿಷಾ. ಬಣ್ಣ ಆರುವವರೆಗೆ ಡ್ರೈವ್‌ವೇಯಲ್ಲಿ ಕೂತು, ಅಜ್ಜಿ ಹೋದ ಮೇಲೆ ಇಮಾನಿ ಸರಿಯಾಗಿ ಊಟ ಮಾಡುತ್ತಿಲ್ಲ, ಹೋಗಿ ಒಂದು ಸಲ ತಬ್ಬಿಕೊಳ್ಳಲೂ ಆಗಲಿಲ್ಲ ಎಂದೆಲ್ಲ ಹೇಳಿದಳು. ಕೌಸಲ್ಯಾ ಹೂಂ ಹೂಂ ಎನ್ನುತ್ತ ಕುಂಚ ತೊಳೆದಳು.

ಶನಿವಾರದ ಮೆರವಣಿಗೆಯ ಚಿತ್ರ ಸಂಜೆಗೇ ಗುಂಪಿಗೆ ಬಂತು. ಬೋರ್ಡನ್ನು ಹಿಡಿದಿದ್ದವಳು ತನಿಷಾ ಅಲ್ಲ, ಇಮಾನಿ. ಎರಡೂ ಕೈಯೆತ್ತಿ ಕನ್ನಡದ ಮುಖವನ್ನು ಕ್ಯಾಮೆರಾಕ್ಕೆ ತೋರಿಸಿ ನಿಂತಿದ್ದಳು. ಪಕ್ಕದಲ್ಲಿ ತನಿಷಾ ಅವಳ ಹೆಗಲ ಮೇಲೆ ಕೈ ಹಾಕಿದ್ದಳು. ಅಕ್ಷರಗಳು ದುಂಡಗೆ, ಒಂದೊಂದೂ ಓದುವಂತೆ ಇದ್ದವು.

ಗುಂಪಿನಲ್ಲಿ ಹೊಗಳಿಕೆ ಸುರಿಯಿತು. ನಮ್ಮ ಹುಡುಗಿಗೆ ಎಷ್ಟು ತಿಳಿವಳಿಕೆ ನೋಡಿ ಎಂದರು. ಅವರವಳ ಕೈಯಲ್ಲೇ ಸರಿಯಾದ ಮಾತು ಹಿಡಿಸಿದ್ದಾಳೆ ಎಂದು ಒಬ್ಬರು ನಗುವ ಚಿಹ್ನೆ ಹಾಕಿದರು. ಮಗಳು ಹೋದದ್ದಕ್ಕೆ ಸಿಟ್ಟಾಗಿದ್ದ ವಿಜಯ್ ಕುಮಾರರೂ ಬೋರ್ಡು ಓದಿ ಸಮಾಧಾನಗೊಂಡರು. ಆಮೇಲೆ ಈರೇಶ್ ಬರೆದ: "ಈ ಹುಡುಗೀರಿಗೆ ಕನ್ನಡ ಓದಾಕ ಬರಂಗಿಲ್ಲ. ಇವರ ಕೈಯಾಗ ಇದನ್ನ ಬರದು ಕೊಟ್ಟೋರು ಯಾರು?"

ಆ ಅಕ್ಷರ ಯಾರದೆಂದು ಗುರುತಿಸದವರು ಅಲ್ಲಿ ಬಹುಶಃ ಯಾರೂ ಇರಲಿಲ್ಲ. ಆದರೆ ಯಾರೂ ಹೆಸರು ಹೇಳಲಿಲ್ಲ. ಕೌಸಲ್ಯಾಳೂ ಬಾಯಿ ಬಿಡಲಿಲ್ಲ.

ಮಾರನೆಯ ದಿನ ತನಿಷಾ ಫೋನು ಮಾಡಿದಳು. ಈರೇಶ್ ಅಂಕಲ್ ಏನೇನೋ ಹೇಳುತ್ತಿದ್ದಾರೆ, ನಮ್ಮ ಟೀಚರ್ ಹಾಗೆ ಮಾಡುವವರಲ್ಲ ಎಂದು ನಾನು ಜಗಳವಾಡಿದೆ, ಆ ಸಾಲನ್ನು ಒಂದೊಂದೇ ಪದ ಬಿಡಿಸಿ ಅರ್ಥ ಹೇಳಿ, ಅವರಿಗೆ ಬರೆದು ಕಳಿಸುತ್ತೇನೆ ಎಂದಳು. ದನಿಯಲ್ಲಿ ಅನುಮಾನವೇ ಇರಲಿಲ್ಲ.

"ಒಲೆ ಮೇಲೆ ಹಾಲಿಟ್ಟಿದೀನಿ ಪುಟ್ಟಿ. ಆಮೇಲೆ ಮಾಡ್ತೀನಿ," ಎಂದು ಕೌಸಲ್ಯಾ ಫೋನಿಟ್ಟಳು. ಒಲೆಯ ಮೇಲೆ ಏನೂ ಇರಲಿಲ್ಲ. ಆಮೇಲೆ ಮಾಡಲೂ ಇಲ್ಲ. ತನಿಷಾಳ ಹೆಸರು ಪರದೆಯ ಮೇಲೆ ಮತ್ತೆ ಮತ್ತೆ ಬಂದಾಗ ಫೋನನ್ನು ಮಗುಚಿಟ್ಟು ಸಿಂಕು ಉಜ್ಜುತ್ತ ನಿಂತಳು.

ಅವಳು ಊಟ ಬಿಟ್ಟದ್ದನ್ನು ಕಂಡು ಶೇಷಾದ್ರಿ ಕೇಳಿದ. ವಿಷಯ ತಿಳಿದ ಮೇಲೆ ಅವನಿಗೆ ಅಂಥದ್ದೇನೂ ಕಾಣಲಿಲ್ಲ.

"ಬರೆದಿದ್ರಲ್ಲಿ ಸುಳ್ಳೇನಿದೆ? ಪ್ರತಿಯೊಬ್ಬರ ಪ್ರಾಣಕ್ಕೂ ಬೆಲೆ ಇಲ್ವಾ?"

"ಇದೆ. ಅವಳು ಕೇಳಿದ್ದು ಅದಲ್ಲ ರೀ. ಎಲ್ಲರ ಅಂತ ಬರೆದ್ರೆ ಓದ್ಬಿಡ್ತಾಳೆ ಅಂತ ಯೋಚನೆ ಮಾಡಿ ಪ್ರತಿಯೊಬ್ಬರ ಅಂತ ಬರೆದೆ. ಬ್ಲ್ಯಾಕ್ ಯಾವುದು ಅಂತ ಕೇಳಿದ್ಲು. ಇದೇ ಅಂತ ತೋರಿಸ್ದೆ."

ಹೋಗಿ ಹೇಳಿ ಬಾ ಎಂದಷ್ಟೇ ಶೇಷಾದ್ರಿ ಅಂದ.

ಹೇಳಲು ಹೋಗುವಷ್ಟರಲ್ಲಿ ತಡವಾಗಿತ್ತು. ತನಿಷಾ ಆ ಹೊತ್ತಿಗೆ ಬೋರ್ಡಿನ ಚಿತ್ರವನ್ನು ಫೋನಿನ ಅನುವಾದದ ಆಪ್‌ಗೆ ತೋರಿಸಿ ಅರ್ಥ ತಿಳಿದುಕೊಂಡಿದ್ದಳು. ಬಾಗಿಲು ತೆರೆದವರು ವಿಜಯ್ ಕುಮಾರ್. "ಒಳ್ಳೇದೇ ಮಾಡಿದ್ರಿ ಮೇಡಂ. ಇಷ್ಟು ವರ್ಷ ಆದ್ರೂ ನಾವಿನ್ನೂ ಗ್ರೀನ್ ಕಾರ್ಡ್ ಕ್ಯೂನಲ್ಲಿರೋರು, ಇಂಥದ್ರಲ್ಲಿ ಹೆಸರು ಬಂದ್ರೆ ಕಷ್ಟ. ಇವಳಿಗೆ ಅದೆಲ್ಲ ಎಲ್ಲಿ ಅರ್ಥ ಆಗುತ್ತೆ," ಎಂದರು. ಬೈಯುವರೆಂದು ಹೆದರಿದ್ದ ಮನುಷ್ಯ ಮೆಚ್ಚಿಕೊಂಡಾಗ ಕೌಸಲ್ಯಾಗೆ ನಿಂತ ನೆಲವೇ ಬೇಡವಾಯಿತು. ಒಳ್ಳೇದು ಮಾಡಿಲ್ಲ, ಮೋಸ ಮಾಡಿದೀನಿ, ಹುಡುಗಿಯನ್ನು ಕರೀರಿ ಎಂದಳು.

ತನಿಷಾ ಹೊರಗೆ ಬಂದಳು. ಡ್ರೈವ್‌ವೇಯ ಆ ತುದಿಯಲ್ಲಿ ನಿಂತಳು, ಕಣ್ಣು ಊದಿತ್ತು. ಕೌಸಲ್ಯಾ ಏನನ್ನೂ ಮುಚ್ಚಿಡದೆ ಹೇಳಿದಳು. ಪದ ಆರಿಸಿದ್ದನ್ನೂ ಹೇಳಿದಳು. ಅದು ಯಾವ ಆಪ್‌ಗೂ ಗೊತ್ತಾಗುವ ವಿಷಯವಾಗಿರಲಿಲ್ಲ. ಹೇಳದಿದ್ದರೂ ನಡೆಯುತ್ತಿತ್ತು.

ಹಾಗಾದರೆ ನನಗೆ ಓದಲು ಬರುವುದಿಲ್ಲವೆಂದು ಗೊತ್ತಿದ್ದೇ ಮಾಡಿದಿರಾ ಎಂದು ತನಿಷಾ ಇಂಗ್ಲಿಷಿನಲ್ಲಿ ಕೇಳಿದಳು.

"ಗೊತ್ತಿತ್ತು."

ಹುಡುಗಿ ಅಳಲಿಲ್ಲ. ಇಮಾನಿಗೆ ನಾನು ಹೇಳುವುದಿಲ್ಲ, ನೀವೇ ಹೋಗಿ ಹೇಳಿ ಎಂದು ವಿಳಾಸ ಕಳಿಸಿ ಒಳಗೆ ಹೋದಳು.

ಸೌತ್‌ಫೀಲ್ಡ್‌ನ ಆ ಮನೆಗೆ ಕೌಸಲ್ಯಾ ಒಬ್ಬಳೇ ಡ್ರೈವ್ ಮಾಡಿಕೊಂಡು ಹೋದಳು. ಇಂಗ್ಲಿಷಿನಲ್ಲಿ ಏನು ಹೇಳಬೇಕೆಂದು ದಾರಿಯುದ್ದಕ್ಕೂ ಬಾಯಿಪಾಠ ಮಾಡಿದಳು. ಇಮಾನಿಯೂ ಅವಳ ತಾಯಿ ಮಿಸೆಸ್ ಕೋಲ್ಮನ್ನೂ ಮನೆಯ ಮುಂದಿನ ಮೆಟ್ಟಿಲಲ್ಲಿ ಕೂತಿದ್ದರು. ತಾಯಿ ಆಸ್ಪತ್ರೆಯ ಕೆಲಸದಿಂದ ಆಗಷ್ಟೇ ಬಂದಿದ್ದವರು, ಸಮವಸ್ತ್ರವನ್ನೂ ಬದಲಿಸಿರಲಿಲ್ಲ. ಮಾಸ್ಕ್ ಕೊಟ್ಟವರು ಇವರೇ ಎಂದು ಇಮಾನಿ ನಗುತ್ತ ತಾಯಿಗೆ ಪರಿಚಯ ಮಾಡಿಸಿದಳು. ಬಾಯಿಪಾಠ ಮಾಡಿದ್ದೆಲ್ಲ ಅಲ್ಲೇ ಮರೆತುಹೋಯಿತು. ಬೋರ್ಡಿನ ಮೇಲೆ ನೀನು ಅಂದುಕೊಂಡದ್ದನ್ನು ನಾನು ಬರೆದಿರಲಿಲ್ಲ ಎಂದು ಶುರು ಮಾಡಿದಳು. ಮತ್ತೇನು ಬರೆದಿದ್ದಿರಿ ಎಂದು ಹುಡುಗಿ ಕೇಳಿದಳು. ಕೌಸಲ್ಯಾ ಇಂಗ್ಲಿಷಿನಲ್ಲಿ ಹೇಳಿದಳು.

ಇಮಾನಿಯ ನಗು ಆರಿಹೋಯಿತು.

"ಅವತ್ತು ರಸ್ತೆಯ ಆ ಕಡೆ ಕೆಲವರು ನಿಂತು ನಮ್ಮನ್ನು ನೋಡಿ ಕೂಗುತ್ತಿದ್ದರು. ಅವರು ಕೂಗುತ್ತಿದ್ದ ಮಾತೇ ನನ್ನ ಕೈಯಲ್ಲಿತ್ತಾ?"

ಕೌಸಲ್ಯಾ ತಲೆ ತಗ್ಗಿಸಿದಳು. ಅಜ್ಜಿಯ ಚರ್ಚಿನವರೆಲ್ಲ ಆ ಚಿತ್ರ ನೋಡಿದ್ದಾರೆ, ಇದೇನು ಭಾಷೆ ಎಂದು ಕೇಳಿದವರಿಗೆಲ್ಲ ನನ್ನ ಗೆಳತಿಯ ಭಾಷೆ ಎಂದು ಹೆಮ್ಮೆಯಿಂದ ಹೇಳಿದ್ದೇನೆ ಎಂದಳು ಇಮಾನಿ. ಎದ್ದು ಒಳಗೆ ಹೋದಳು. ಬಾಗಿಲನ್ನು ಬಡಿಯಲಿಲ್ಲ, ಮೆಲ್ಲಗೆ ಮುಚ್ಚಿದಳು.

ಮಿಸೆಸ್ ಕೋಲ್ಮನ್ ದಣಿದ ದನಿಯಲ್ಲಿ ಒಂದೇ ಪ್ರಶ್ನೆ ಕೇಳಿದರು. "ಯಾರಿಗೆ ಹೆದರಿದಿರಿ? ನಮಗಾ?"

ಇಲ್ಲ, ನಮ್ಮವರಿಗೇ ಎಂದಳು ಕೌಸಲ್ಯಾ. ತನ್ನ ಬಾಯಿಂದ ಬಂದ ಮೇಲೇ ಅದು ಅವಳಿಗೂ ಸರಿಯಾಗಿ ತಿಳಿದದ್ದು. ಬಂದು ಹೇಳಿದಿರಲ್ಲ, ಆಯಿತು, ಈಗ ನಿಮಗೆ ಸಮಾಧಾನ ಹೇಳುವ ಶಕ್ತಿ ನನಗಿಲ್ಲ ಎಂದು ಆಕೆ ಕೈಚೀಲ ಎತ್ತಿಕೊಂಡು ಒಳಗೆ ಹೋದರು.

ಕೌಸಲ್ಯಾ ಮನೆಗೆ ಬಂದು, ಗುಂಪಿನಲ್ಲಿ ತನ್ನ ಹೆಸರು ಹಾಕಿ ನಡೆದದ್ದನ್ನು ನಡೆದ ಹಾಗೇ ಬರೆದಳು. ಹುಡುಗಿ ಕೇಳಿದ್ದ ಸಾಲನ್ನು, ಕಪ್ಪು ಜನರ ಜೀವ ಮುಖ್ಯ ಎಂದು, ತನ್ನ ಕೈಬರಹದಲ್ಲೇ ಬರೆದು ಅದರ ಚಿತ್ರವನ್ನೂ ಹಾಕಿದಳು. ಕೆಲವರು ಗುಂಪು ಬಿಟ್ಟರು. ಶಾಲೆಯಲ್ಲಿ ರಾಜಕೀಯ ತಂದಿರೆಂದು ಕೆಲವರು ಸಿಟ್ಟಾದರು, ವಿಜಯ್ ಕುಮಾರ್ ಕಮಿಟಿಯಿಂದ ಹೊರಬಂದರು. ಈರೇಶ್ ಏನೂ ಬರೆಯಲಿಲ್ಲ. ಹೆದರಿದ್ದೆಲ್ಲ ನಡೆಯಿತು, ನಡೆದ ಮೇಲೆ ಅದು ಅಷ್ಟು ದೊಡ್ಡದೆನಿಸಲಿಲ್ಲ. ಇಷ್ಟಕ್ಕಾಗಿ ಆ ಹುಡುಗಿಯರಿಗೆ ಹಾಗೆ ಮಾಡಿದೆನಲ್ಲ ಎಂಬುದೇ ಹೆಚ್ಚು ಚುಚ್ಚಿತು.

ತನಿಷಾ ಕಾಲೇಜಿಗೆಂದು ಶಿಕಾಗೋಗೆ ಹೋದಳು. ಹಬ್ಬಕ್ಕೆ ಕೌಸಲ್ಯಾ ಕಳಿಸಿದ ಶುಭಾಶಯಕ್ಕೆ ಉತ್ತರ ಬರುತ್ತಿತ್ತು, ಥ್ಯಾಂಕ್ಯೂ ಆಂಟಿ ಎಂದು. ಲೈಬ್ರರಿ ತೆರೆದ ಮೇಲೆ ಮಗುವನ್ನು ಹೊಸದಾಗಿ ಶಾಲೆಗೆ ಸೇರಿಸಿದ್ದ ಹರ್ಷಿತಾ ಎಂಬ ತಾಯಿಯೊಬ್ಬಳು ಕೌಸಲ್ಯಾಳ ಬದಲು ಪಾಠ ಹೇಳತೊಡಗಿದಳು. ನೀವೂ ಬನ್ನಿ ಎಂದು ಬಲವಂತ ಮಾಡಿದಳು. ಬಹಳ ದಿನ ತಪ್ಪಿಸಿಕೊಂಡ ಕೌಸಲ್ಯಾ ಕೊನೆಗೆ ಹೋದಳು. ಮಕ್ಕಳು ಪದದ ಅರ್ಥ ಕೇಳಿದರೆ ಈಗಲೂ ಒಂದು ಕ್ಷಣ ತಡವರಿಸುತ್ತಾಳೆ.

ಕಳೆದ ಬೇಸಿಗೆಯಲ್ಲಿ ದಿನಸಿ ಅಂಗಡಿಯೊಂದರ ತರಕಾರಿ ಸಾಲಿನಲ್ಲಿ ಮಿಸೆಸ್ ಕೋಲ್ಮನ್ ಎದುರಾದರು. ಕೂದಲು ಬೆಳ್ಳಗಾಗಿತ್ತು. ಕೌಸಲ್ಯಾಳ ಮುಖ ನೋಡಿ, ದಾರಿ ಬಿಟ್ಟದ್ದಕ್ಕೆ ಥ್ಯಾಂಕ್ಯೂ ಎಂದು ಹೇಳಿ ಗಾಡಿ ತಳ್ಳಿಕೊಂಡು ಮುಂದೆ ಹೋದರು. ಗುರುತು ಸಿಗಲಿಲ್ಲ ಎಂದು ಕೌಸಲ್ಯಾಗೆ ಮೊದಲು ಎದೆ ಹಗುರವಾಯಿತು. ಹಗುರವಾಯಿತಲ್ಲ ಎಂದು ಮರುಗಳಿಗೆಯೇ ನಾಚಿಕೆಯಾಯಿತು. ಗಾಡಿಯನ್ನು ಅಲ್ಲೇ ಬಿಟ್ಟು ಹಿಂದೆ ಹೋಗಿ, ಅವತ್ತು ಬೋರ್ಡು ಬರೆದವಳು ನಾನು ಎಂದಳು.

"ಗೊತ್ತಾಯಿತು," ಎಂದರು ಆಕೆ. "ನಿಮ್ಮ ಪಾಡಿಗೆ ನೀವು ಹೋಗಲಿ ಎಂದು ಸುಮ್ಮನಿದ್ದೆ."

ಇಮಾನಿ ಹೇಗಿದ್ದಾಳೆ ಎಂದು ಕೌಸಲ್ಯಾ ಕೇಳಿದಳು. ಓದು ಮುಗಿಸಿ ಲ್ಯಾನ್ಸಿಂಗ್‌ನಲ್ಲಿ ಕೆಲಸಕ್ಕೆ ಸೇರಿದ್ದಾಳೆ, ಚೆನ್ನಾಗಿದ್ದಾಳೆ, ತನಿಷಾ ಆಗಾಗ ಹೋಗಿ ಉಳಿದು ಬರುತ್ತಾಳೆ ಎಂದರು. ಇಬ್ಬರ ಗೆಳೆತನ ಉಳಿದಿದೆ ಎಂಬುದು ಕೌಸಲ್ಯಾಗೆ ಆವರೆಗೆ ಗೊತ್ತಿರಲಿಲ್ಲ. ನಿಮ್ಮನ್ನು ನೋಡಿದೆನೆಂದು ಇಮಾನಿಗೆ ಹೇಳುತ್ತೇನೆ ಎಂದು ಹೇಳಿ ಆಕೆ ಬಿಲ್ ಕೌಂಟರಿನ ಕಡೆ ಹೊರಟರು. ಕೌಸಲ್ಯಾ ಹಿಂದಿರುಗಿ ತನ್ನ ಗಾಡಿಯ ಬಳಿ ಬಂದಳು. ಏನು ಕೊಳ್ಳಲು ಬಂದಿದ್ದೆನೆಂದು ನೆನಪಾಗದೆ, ತರಕಾರಿಗಳನ್ನು ನೋಡುತ್ತ ಸ್ವಲ್ಪ ಹೊತ್ತು ಹಾಗೇ ನಿಂತಳು.